ಹಿತ್ತಲಲ್ಲಿ ಹುಳಗಳಿಗೊಂದು ಮನೆ: ಮಕ್ಕಳು ಅಲ್ಲಿ ಕಲಿಯುವುದೇನು?

ಬಹಳ ದಿನ ಬಳಸದ ಪ್ಲಗ್ ಪಾಯಿಂಟಿನ ತೂತು ಮಣ್ಣಿನಿಂದ ಮುಚ್ಚಿಹೋಗಿರುವುದನ್ನು ನೀವೂ ನೋಡಿರುತ್ತೀರಿ. ಹಳೆ ಬೀಗದ ಕಿಂಡಿ, ಕಿಟಕಿಯ ಚಿಲಕದ ತೂತು, ಮೊಳೆ ಕಿತ್ತ ಜಾಗ, ಮೂಲೆಗೆ ಒರಗಿಸಿಟ್ಟ ಬಿದಿರಿನ ಗಳ, ಎಲ್ಲಾದರೂ ಸರಿ. ಕಿರುಬೆರಳೂ ತೂರದಷ್ಟು ಕಿಂಡಿ ಸಿಕ್ಕರೆ ಸಾಕು, ಯಾವುದೋ ಹುಳ ಬಂದು ಅದನ್ನು ತುಂಬಿ, ಬಾಯಿ ಮುಚ್ಚಿ ಹೋಗಿರುತ್ತದೆ. ಕೆರೆದು ತೆಗೆದರೆ ಒಣಮಣ್ಣಿನ ಜೊತೆ ನಾಲ್ಕೈದು ಸಣ್ಣ ಜೇಡಗಳು ಉದುರುತ್ತವೆ. ಸತ್ತಂತೆ ಕಾಣುತ್ತವೆ, ಆದರೆ ಕಡ್ಡಿಯಲ್ಲಿ ಮುಟ್ಟಿದರೆ ಇನ್ನೂ ಮೆತ್ತಗೆ. ಪಕ್ಕದಲ್ಲಿ ನಿಂತ ಮಗು "ಇದೇನಮ್ಮಾ?" ಎಂದು ಕೇಳುತ್ತದೆ. "ಏನೋ ಹುಳದ ಗೂಡು, ಮುಟ್ಬೇಡ" ಅನ್ನುತ್ತೇವೆ. ಒಂದು ಒಳ್ಳೆಯ ಪ್ರಶ್ನೆಯನ್ನು ಮಣ್ಣಿನ ಜೊತೆ ಗುಡಿಸಿ ಹಾಕುತ್ತೇವೆ.

ಹುಳಗಳ ಮನೆ ಅಂದರೆ ಅಂಥ ಕಿಂಡಿಗಳನ್ನು ಬೇಕೆಂದೇ ಮಾಡಿ, ಮಕ್ಕಳ ಕಣ್ಣಿಗೆ ಕಾಣುವ ಎತ್ತರದಲ್ಲಿ ಇಡುವುದು. ಒಂದು ಹಳೆ ಮರದ ಪೆಟ್ಟಿಗೆ, ಅದರೊಳಗೆ ಬಿದಿರಿನ ಕೊಳವೆಗಳು, ತೂತು ಕೊರೆದ ಮರದ ತುಂಡು, ಕೆಳಗಿನ ಅಂತಸ್ತಿನಲ್ಲಿ ಒಣ ಎಲೆ, ಮೇಲೊಂದು ಹೆಂಚು. ಈಗೀಗ ಇಂಥ ಪೆಟ್ಟಿಗೆಗಳು ಅಂಗಡಿಯಲ್ಲೂ ಸಿಗುತ್ತವೆ. ಶಾಲೆಗಳಲ್ಲಿ ಪ್ರಾಜೆಕ್ಟ್ ಕೊಡುತ್ತಾರೆ. ಮಕ್ಕಳು ಒಂದು ಭಾನುವಾರ ಕೂತು ಕಟ್ಟುತ್ತಾರೆ, ಬಣ್ಣ ಬಳಿಯುತ್ತಾರೆ, ಫೋಟೋ ತೆಗೆಯುತ್ತಾರೆ, ಅಲ್ಲಿಗೆ ಮುಗಿಯಿತು. ನನಗೆ ಬೇಜಾರಾಗುವುದು ಇಲ್ಲೇ. ಕಟ್ಟುವುದು ಈ ಕೆಲಸದ ಚಿಕ್ಕ ಭಾಗ. ಮನೆ ಕಟ್ಟುವವರು ನಾವು, ಅಲ್ಲಿ ಇರಬೇಕೋ ಬೇಡವೋ ಅಂತ ತೀರ್ಮಾನ ಮಾಡುವುದು ಹುಳ. ನಾವು ಹೇಳಿದ್ದನ್ನು ಕೇಳದ, ನಮ್ಮನ್ನು ಮೆಚ್ಚಿಸುವ ಹಂಗಿಲ್ಲದ ಜೀವಿಯೊಂದು ತನ್ನ ಉತ್ತರ ಕೊಡುವುದನ್ನು ಮಗು ಕಾಯಬೇಕು, ಓದಬೇಕು. ಕಲಿಕೆಯೆಲ್ಲ ಅಲ್ಲಿದೆ.

ಮೊದಲಿಗೆ, ಬರುವವರು ಯಾರು ಅಂತ ನೋಡೋಣ. ಜೇನು ಅಂದ ಕೂಡಲೇ ನಮಗೆ ನೆನಪಾಗುವುದು ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿ. ಇವೆಲ್ಲ ರಾಣಿ, ಕೆಲಸಗಾರರು ಅಂತ ಒಟ್ಟಿಗೆ ಬಾಳುವಂಥವು. ಆದರೆ ಜಗತ್ತಿನಲ್ಲಿ ಇದುವರೆಗೆ ಗುರುತಿಸಿರುವ ಜೇನು ಜಾತಿಗಳು 20,000ಕ್ಕೂ ಹೆಚ್ಚು, ಅವುಗಳಲ್ಲಿ ಬಹುಪಾಲು ಒಂಟಿ ಜೇನುಗಳು. ರಾಣಿ ಇಲ್ಲ, ತುಪ್ಪದ ಹುಟ್ಟಿಲ್ಲ. ಒಬ್ಬಳೇ ತಾಯಿ ಜಾಗ ಹುಡುಕಿ, ಗೂಡು ಮಾಡಿ, ಮರಿಗೆ ಊಟ ಕಟ್ಟಿಟ್ಟು, ಮೊಟ್ಟೆಯಿಟ್ಟು ಹೋಗುತ್ತಾಳೆ. ಸಾಮಾನ್ಯವಾಗಿ ಆಕೆ ತನ್ನ ಮರಿಗಳ ಮುಖ ನೋಡುವುದೇ ಇಲ್ಲ. ಕಣಜಗಳಲ್ಲೂ ಹೀಗೆ ಒಂಟಿಯಾಗಿ ಬಾಳುವ ಜಾತಿಗಳು ಬೇಕಾದಷ್ಟಿವೆ. ಬಿದಿರಿನ ಕೊಳವೆಗೆ ಬರುವುದು ಮುಖ್ಯವಾಗಿ ಈ ಎರಡು ಗುಂಪು.

ಒಂಟಿ ಜೇನಿಗೆ ಕಾಯಬೇಕಾದ ತುಪ್ಪವಿಲ್ಲ, ಸಂಸಾರದ ಸೈನ್ಯವಿಲ್ಲ. ಹಾಗಾಗಿ ಹೆಜ್ಜೇನಿನ ಹಾಗೆ ಎದ್ದು ಅಟ್ಟಿಸಿಕೊಂಡು ಬರುವುದಿಲ್ಲ. ಹೆಣ್ಣಿಗೆ ಕೊಂಡಿ ಇದೆ, ಕೈಯಲ್ಲಿ ಹಿಡಿದು ಅಮುಕಿದರೆ ಕುಟುಕುತ್ತದೆ. ಗಂಡಿಗೆ ಕೊಂಡಿಯೇ ಇಲ್ಲ. ಒಂದೆರಡು ಅಡಿ ದೂರದಲ್ಲಿ ಸುಮ್ನೆ ನಿಂತು ನೋಡುವ ಮಗುವಿಗೆ ಅವುಗಳಿಂದ ತೊಂದರೆ ತೀರಾ ಕಡಿಮೆ.

ಈಗ ಅಳತೆಯ ವಿಷಯ. ದೊಡ್ಡವರು ಇಲ್ಲಿ ಅವಸರ ಮಾಡುತ್ತಾರೆ. ಸಿಕ್ಕ ಬಿದಿರನ್ನು ಸಿಕ್ಕ ಉದ್ದಕ್ಕೆ ಕತ್ತರಿಸಿ ತುಂಬಿಬಿಡುತ್ತಾರೆ. ಕೊಳವೆಯ ಒಳಗಿನ ಅಗಲ 3 ಮಿಲಿಮೀಟರಿನಿಂದ 10 ಮಿಲಿಮೀಟರ್ ತನಕ ಇರಬೇಕು, ಉದ್ದ ಸುಮಾರು 15 ಸೆಂಟಿಮೀಟರ್ ಇದ್ದರೆ ಒಳ್ಳೆಯದು. ಬಿದಿರಿನ ಗಿಣ್ಣಿನ ಹಿಂದೆ ಕತ್ತರಿಸಿದರೆ ಒಂದು ತುದಿ ತಾನಾಗಿ ಮುಚ್ಚಿರುತ್ತದೆ. ಎರಡೂ ಕಡೆ ತೆರೆದ ಕೊಳವೆಗೆ ಯಾರೂ ಬರುವುದಿಲ್ಲ ಅಂತಲೇ ಹೇಳಬಹುದು. ಮುಂದಿನ ಬಾಯಿಯಲ್ಲಿ ಸಿಬಿರು ಇದ್ದರೆ ರೆಕ್ಕೆ ಹರಿಯುತ್ತದೆ, ಅದಕ್ಕೆ ಸ್ಯಾಂಡ್ ಪೇಪರ್ ಹಾಕಿ ಉಜ್ಜಬೇಕು. ಮಲೆನಾಡಿನವರಿಗೆ ವಾಟೆ ಸಿಗುತ್ತದೆ, ಅದು ಇದಕ್ಕೆ ಹೇಳಿ ಮಾಡಿಸಿದಂತಿದೆ. ಬಯಲುಸೀಮೆಯಲ್ಲಿ ಒಣಗಿದ ಹರಳು ಗಿಡದ ಕಡ್ಡಿ ನಡೆಯುತ್ತದೆ.

ನಾಲ್ಕನೇ ಕ್ಲಾಸಿನ ಮಗುವಿಗೆ ಮಿಲಿಮೀಟರ್ ಅನ್ನುವುದು ಸ್ಕೇಲಿನ ಮೇಲಿನ ಗೆರೆ ಅಷ್ಟೇ. ಪರೀಕ್ಷೆಯಲ್ಲಿ 10 ಮಿ.ಮೀ. ಅಂದರೆ 1 ಸೆಂ.ಮೀ. ಅಂತ ಬರೆದು ಮರೆತುಬಿಡುತ್ತದೆ. 4 ಮಿಲಿಮೀಟರಿನ ಕೊಳವೆಗೆ ಒಂದು ಜಾತಿ ಬರುತ್ತದೆ, 8 ಮಿಲಿಮೀಟರಿನದಕ್ಕೆ ಬೇರೆಯೇ ಜಾತಿ ಬರುತ್ತದೆ ಅಂತ ಕಣ್ಣಾರೆ ಕಂಡಾಗ ಆ ಗೆರೆಗೆ ಜೀವ ಬರುತ್ತದೆ. ನಮ್ಮ ಮನೆಯ ಹುಡುಗಿ ಒಂದು ಸಲ ಕೊಳವೆಯ ಬಾಯಿಗೆ ಸ್ಕೇಲ್ ಹಿಡಿದು, "ಇದಕ್ಕೆ ಅದರ ತಲೆ ಹಿಡಿಯಲ್ಲ ಮಾಮ" ಅಂದಳು. ತನಗೆ ಬೇಕಾದ ಅಳತೆ ಬಿಟ್ಟು ಇನ್ನೊಂದು ಜೀವದ ಮೈ ಅಳತೆಯಲ್ಲಿ ಯೋಚಿಸುತ್ತಿದ್ದಳು. ಇದನ್ನು ಪಾಠ ಮಾಡಿ ಕಲಿಸಲಾಗದು.

ಎಲೆ ಕತ್ತರಿಸುವ ಜೇನು ಬಂದರೆ ಅದೃಷ್ಟ. ಕರ್ನಾಟಕದ ಊರುಗಳಲ್ಲಿ, ನಗರಗಳಲ್ಲೂ, ಅದು ಅಪರೂಪವೇನಲ್ಲ. ಗುಲಾಬಿ ಗಿಡದ ಎಲೆಯ ಅಂಚಿನಲ್ಲಿ ಕಂಪಾಸಿನಲ್ಲಿ ಗೀರಿ ತೆಗೆದಂತೆ ದುಂಡನೆಯ ಕತ್ತರಿ ಗುರುತು ಕಂಡರೆ ಇದೇ ಜೇನು ಬಂದಿದೆ ಅಂತ ತಿಳಿಯಿರಿ. ಗಿಡಕ್ಕೆ ರೋಗ ಬಂತು ಅಂತ ಔಷಧಿ ಹೊಡೆಯಲು ಓಡಬೇಡಿ. ಹೆಣ್ಣು ಜೇನು ಎಲೆಯ ಅಂಚನ್ನು ಕಾಲುಗಳ ನಡುವೆ ಹಿಡಿದು ಕೂರುತ್ತದೆ. ದವಡೆಯಿಂದ ಕತ್ತರಿಸುತ್ತಾ ಒಂದು ಸುತ್ತು ಬರುತ್ತದೆ. ಕೆಲವೇ ಸೆಕೆಂಡಿನ ಕೆಲಸ. ಕೊನೆಯ ಎಳೆ ಕಡಿದ ಕ್ಷಣ, ತುಂಡಿನ ಜೊತೆ ತಾನೂ ಬೀಳುವ ಮೊದಲೇ ರೆಕ್ಕೆ ಬಡಿದು ಹಾರಿರುತ್ತದೆ. ಎಲೆಯ ತುಂಡು ಹೊಟ್ಟೆಯ ಕೆಳಗೆ ಮಡಚಿಕೊಂಡಿರುತ್ತದೆ.

ಕತ್ತರಿಸಿದ ಎಲೆಗಳನ್ನು ಮಕ್ಕಳಿಗೆ ಸರಿಯಾಗಿ ನೋಡಲು ಹೇಳಿ. ಎರಡು ಆಕಾರ ಕಾಣುತ್ತದೆ. ಕೆಲವು ಉದ್ದನೆಯ ಮೊಟ್ಟೆಯಾಕಾರ, ಕೆಲವು ಸರಿಯಾದ ದುಂಡು. ಉದ್ದನೆಯವು ಗೋಡೆಗೆ, ದುಂಡನೆಯವು ಮುಚ್ಚಳಕ್ಕೆ. ಈ ದುಂಡಿನ ಅಗಲವನ್ನು ಅಳೆದು, ಆ ಜೇನು ಬಳಸುತ್ತಿರುವ ಕೊಳವೆಯ ಬಾಯಿಯ ಅಗಲದ ಜೊತೆ ಹೋಲಿಸಿ ನೋಡಲಿ. ಎರಡೂ ಹತ್ತಿರ ಹತ್ತಿರ ಇರುತ್ತವೆ. ಗುಲಾಬಿ ಗಿಡ ಒಂದು ಕಡೆ, ಕೊಳವೆ ಇನ್ನೊಂದು ಕಡೆ. ಕೈಯಲ್ಲಿ ಸ್ಕೇಲಿಲ್ಲ, ಪೆನ್ಸಿಲ್ಲಿಲ್ಲ. ಅಳತೆಯನ್ನು ಅದು ಹೇಗೆ ನೆನಪಿಟ್ಟುಕೊಂಡು ಹೋಯಿತು? ಮಗು ಈ ಪ್ರಶ್ನೆ ಕೇಳಿದರೆ ಉತ್ತರಕ್ಕೆ ಗೂಗಲ್ ಮಾಡುವ ಮೊದಲು ಸ್ವಲ್ಪ ಹೊತ್ತು ಆ ಪ್ರಶ್ನೆಯ ಜೊತೆ ಇರಲು ಬಿಡಿ.

ಕೊಳವೆಯ ಒಳಗೆ ಏನಾಗುತ್ತದೆ ಅನ್ನುವುದು ಇನ್ನೂ ಸೊಗಸು. ತಾಯಿ ಎಲ್ಲಕ್ಕಿಂತ ಹಿಂದೆ ಒಂದು ಎಲೆಯ ಕೋಣೆ ಮಾಡುತ್ತಾಳೆ. ಒಂದು ಕೋಣೆಗೆ ಹತ್ತಾರು ಎಲೆ ತುಂಡು ಬೇಕು. ಅದರೊಳಗೆ ಪರಾಗ ಮತ್ತು ಮಕರಂದ ಕಲಸಿದ ಉಂಡೆ ಇಡುತ್ತಾಳೆ. ಪರಾಗವನ್ನು ಈ ಜೇನು ಕಾಲಿನಲ್ಲಿ ತರುವುದಿಲ್ಲ, ಹೊಟ್ಟೆಯ ಕೆಳಗಿನ ಕೂದಲಿನಲ್ಲಿ ತರುತ್ತದೆ. ಅದು ಬಂದು ಇಳಿಯುವಾಗ ಹೊಟ್ಟೆ ಹಳದಿಯಾಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಉಂಡೆಯ ಮೇಲೆ ಒಂದೇ ಒಂದು ಮೊಟ್ಟೆ, ಆಮೇಲೆ ಮುಚ್ಚಳ. ಅದರ ಮುಂದೆ ಇನ್ನೊಂದು ಕೋಣೆ, ಮತ್ತೊಂದು, ಹೀಗೆ ಬಾಗಿಲ ತನಕ.

ಮೊಟ್ಟೆ ಹೆಣ್ಣಾಗಬೇಕೋ ಗಂಡಾಗಬೇಕೋ ಅನ್ನುವುದು ತಾಯಿಯ ಕೈಯಲ್ಲೇ ಇದೆ. ಗಂಡಿನ ವೀರ್ಯವನ್ನು ಆಕೆ ಮೈಯೊಳಗೆ ಕೂಡಿಟ್ಟಿರುತ್ತಾಳೆ. ಅದನ್ನು ಸೇರಿಸಿ ಇಟ್ಟ ಮೊಟ್ಟೆ ಹೆಣ್ಣಾಗುತ್ತದೆ, ಸೇರಿಸದೆ ಇಟ್ಟದ್ದು ಗಂಡಾಗುತ್ತದೆ. ಸಾಮಾನ್ಯವಾಗಿ ಕೊಳವೆಯ ಹಿಂಭಾಗದಲ್ಲಿ ಹೆಣ್ಣು, ಬಾಗಿಲ ಹತ್ತಿರ ಗಂಡು. ಗಂಡು ಮೊದಲು ಹೊರಬಂದು ಹೆಣ್ಣಿಗಾಗಿ ಕಾಯುತ್ತದೆ. ಬಸ್ಸಿಗೆ ಕೊನೆಯಲ್ಲಿ ಹತ್ತಿ ಬಾಗಿಲಲ್ಲೇ ನಿಂತವರು ಮೊದಲು ಇಳಿದ ಹಾಗೆ, ಕೊನೆಯಲ್ಲಿ ಇಟ್ಟ ಮೊಟ್ಟೆಯೇ ಮೊದಲು ಹೊರಗೆ. ಕೊಳವೆ ಗಿಡ್ಡವಾದರೆ ಹಿಂದಿನ ಕೋಣೆಗಳಿಗೆ ಜಾಗವಿಲ್ಲ, ಗಂಡಿನ ಸಂಖ್ಯೆಯೇ ಜಾಸ್ತಿಯಾಗುತ್ತದೆ. 15 ಸೆಂಟಿಮೀಟರ್ ಅಂತ ಪಟ್ಟು ಹಿಡಿದದ್ದು ಇದಕ್ಕೇ. ಬಿದಿರು ಕತ್ತರಿಸುವಾಗ ನಾವು ಮಾಡಿದ ಸಣ್ಣ ಅಸಡ್ಡೆ ಇನ್ನೊಂದು ಜೀವದ ಸಂಸಾರವನ್ನೇ ಬದಲಾಯಿಸುತ್ತದೆ ಅನ್ನುವುದನ್ನು ಹತ್ತು ವರ್ಷದ ಮಗು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತದೆ.

ಬಾಗಿಲು ಮುಚ್ಚಿದ ಸಾಮಾನು ನೋಡಿದರೆ ಒಳಗಿರುವವರು ಯಾರು ಅಂತ ಅಂದಾಜು ಮಾಡಬಹುದು. ಎಲೆಯಿಂದ ಮುಚ್ಚಿದ್ದರೆ ಎಲೆ ಕತ್ತರಿಸುವ ಜೇನು. ನಯವಾದ ಮಣ್ಣಾದರೆ ಹೆಚ್ಚಾಗಿ ಕಣಜ. ಮರದ ಅಂಟು ಅಥವಾ ಅಂಟು ಬೆರೆತ ಮಣ್ಣಾದರೆ ಎಲೆ ಜೇನಿನದೇ ಬಳಗದ ಇನ್ನೊಂದು ಜೇನು. ಹುಲ್ಲಿನ ಎಳೆ ಹೊರಗೆ ಕೆದರಿಕೊಂಡಿದ್ದರೆ ಹುಲ್ಲು ತರುವ ಕಣಜ. ಮಕ್ಕಳಿಗೆ ಇದು ಪತ್ತೇದಾರಿ ಕೆಲಸ. ಕಳ್ಳ ಕಾಣುವುದಿಲ್ಲ, ಗುರುತು ಮಾತ್ರ ಕಾಣುತ್ತದೆ.

ಜೇನು ಬರಲಿ ಅಂತ ಇಟ್ಟರೂ ಬರುವುದು ಹೆಚ್ಚಾಗಿ ಕಣಜವೇ. ಕೆನಡಾದ ಟೊರಾಂಟೊ ನಗರದಲ್ಲಿ ಸಂಶೋಧಕರು ಸುಮಾರು 600 ಇಂಥ ಗೂಡುಗಳನ್ನು 3 ವರ್ಷ ಗಮನಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿನ ಸ್ಥಳೀಯ ಜೇನುಗಳಿಗಿಂತ ಕಣಜಗಳೇ ಹೆಚ್ಚಾಗಿದ್ದವು. ಹೊರದೇಶದಿಂದ ಬಂದು ನೆಲೆಸಿದ ಜೇನುಗಳೂ ಸಾಕಷ್ಟಿದ್ದವು. ಹುಳಗಳ ಮನೆ ಇಟ್ಟ ಕೂಡಲೇ ಜೇನು ಸಂತತಿ ಉಳಿಯಿತು ಅಂತ ಹೇಳುವವರ ಮಾತನ್ನು ಪೂರ್ತಿ ನಂಬಬೇಡಿ. ಪರಿಸರ ಉಳಿಸುವ ಸಾಧನವಾಗಿ ಇದು ಚಿಕ್ಕದು. ಮಗುವಿನ ಕಣ್ಣು ತೆರೆಸುವ ಸಾಧನವಾಗಿ ಮಾತ್ರ ಇದರಷ್ಟು ಅಗ್ಗದ್ದು, ಇಷ್ಟು ಗಟ್ಟಿಯಾದದ್ದು ನಾನು ಬೇರೆ ನೋಡಿಲ್ಲ.

ಕಣಜ ಬಂದರೆ ನಿರಾಶೆ ಬೇಡ. ಮಣ್ಣಿನ ಗೂಡು ಕಟ್ಟುವ ಕಣಜ, ಹಳ್ಳಿಯಲ್ಲಿ ಕುಂಬಾರ ಹುಳ ಅನ್ನುತ್ತಾರಲ್ಲ, ಅದು ಮರಿಗೆ ಪರಾಗ ಕೂಡಿಡುವುದಿಲ್ಲ, ಮಾಂಸ ಕೂಡಿಡುತ್ತದೆ. ಒಂದು ಜಾತಿಗೆ ಜೇಡ ಬೇಕು, ಇನ್ನೊಂದಕ್ಕೆ ಎಲೆ ತಿನ್ನುವ ಹಸಿರು ಹುಳ ಬೇಕು. ಬೇಟೆಯನ್ನು ಕುಟುಕಿ ಮರಗಟ್ಟಿಸುತ್ತದೆ, ಕೊಲ್ಲುವುದಿಲ್ಲ. ಕೊಂದರೆ ಮರಿ ತಿನ್ನುವ ಹೊತ್ತಿಗೆ ಕೊಳೆತುಹೋಗುತ್ತದೆ. ಪ್ಲಗ್ ಪಾಯಿಂಟಿನಿಂದ ಉದುರಿದ ಜೇಡಗಳು ಮೆತ್ತಗಿದ್ದದ್ದು ಈ ಕಾರಣಕ್ಕೆ. ಅವುಗಳ ಮೇಲೆ ಒಂದು ಮೊಟ್ಟೆ. ಮೊಟ್ಟೆಯೊಡೆದ ಬಿಳಿ ಮರಿಹುಳ ಅವನ್ನು ತಿಂದು ಬೆಳೆದು, ಕೋಶ ಕಟ್ಟಿಕೊಂಡು, ಕೆಲವು ವಾರಗಳ ಮೇಲೆ ರೆಕ್ಕೆ ಬಂದ ಕಣಜವಾಗಿ ಮಣ್ಣು ಕೊರೆದು ಹೊರಬರುತ್ತದೆ.

ನಮ್ಮ ಹಿರಿಯರು ಇದನ್ನು ನೋಡದೆ ಇರಲಿಲ್ಲ. ಭ್ರಮರ-ಕೀಟ ನ್ಯಾಯ ಅಂತ ಕೇಳಿರುತ್ತೀರಿ. ಭ್ರಮರ ಒಂದು ಹುಳವನ್ನು ತಂದು ಗೂಡಿನಲ್ಲಿ ಇಟ್ಟು ಮುಚ್ಚುತ್ತದೆ, ಹುಳ ಭಯದಿಂದ ಭ್ರಮರವನ್ನೇ ನೆನೆಯುತ್ತಾ ನೆನೆಯುತ್ತಾ ಕೊನೆಗೆ ತಾನೇ ಭ್ರಮರವಾಗಿ ಹೊರಬರುತ್ತದೆ ಅನ್ನುವ ನಂಬಿಕೆ. ದೇವರನ್ನು ನೆನೆಯುವ ಭಕ್ತ ದೇವರೇ ಆಗುತ್ತಾನೆ ಅಂತ ಹೇಳಲು ಈ ಮಾತನ್ನು ಬಳಸಿದರು. ಭಕ್ತಿಯ ಮಾತಾಗಿ ಅದು ಚೆಂದ, ಅದರ ತಂಟೆಗೆ ನಾವು ಹೋಗಬೇಕಿಲ್ಲ. ಹುಳದ ವಿಷಯಕ್ಕೆ ಬಂದರೆ, ಅವರು ಕಂಡದ್ದೆಲ್ಲ ನಿಜ. ಹುಳ ಒಳಗೆ ಹೋದದ್ದು ನಿಜ, ಕಣಜ ಹೊರಗೆ ಬಂದದ್ದೂ ನಿಜ. ನಡುವಿನ ಒಂದು ಹೆಜ್ಜೆ, ಆ ಮೊಟ್ಟೆ, ಮಣ್ಣಿನ ಗೋಡೆಯ ಹಿಂದೆ ಇತ್ತು, ಕಾಣಲಿಲ್ಲ. ಕಂಡದ್ದಕ್ಕೂ ಊಹಿಸಿದ್ದಕ್ಕೂ ಇರುವ ಅಂತರ ತಿಳಿಯಲು ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹಾಗಾದರೆ ಆ ನಡುವಿನ ಹೆಜ್ಜೆಯನ್ನು ನೋಡುವುದು ಹೇಗೆ? ಈ ಪ್ರಶ್ನೆಯನ್ನು ಮಕ್ಕಳ ಮುಂದೆ ಇಡಿ. ಅವರೇ ಉಪಾಯ ಹೇಳುತ್ತಾರೆ. ಒಂದು ಮರದ ಹಲಗೆಯಲ್ಲಿ ಉದ್ದಕ್ಕೆ ಕಾಲುವೆಯ ಹಾಗೆ ಗೀರು ಕೊರೆಸಿ, ಮೇಲೆ ಪಾರದರ್ಶಕ ಹಾಳೆ ಕೂರಿಸಿ, ಅದರ ಮೇಲೆ ಇನ್ನೊಂದು ಹಲಗೆಯನ್ನು ಬಾಗಿಲಿನಂತೆ ಮುಚ್ಚಿಟ್ಟರೆ ಆಯಿತು. ಬಡಗಿಗೆ ಅರ್ಧ ಗಂಟೆಯ ಕೆಲಸ. ಹುಳ ಅದನ್ನು ಕತ್ತಲೆಯ ಕೊಳವೆ ಅಂತಲೇ ತಿಳಿಯುತ್ತದೆ. ಆಗಾಗ ಮೇಲಿನ ಹಲಗೆ ಸರಿಸಿ, ಒಂದು ನಿಮಿಷ ನೋಡಿ, ಮತ್ತೆ ಮುಚ್ಚಿ. ಜೇಡಗಳ ಮೇಲೆ ಅಂಟಿಕೊಂಡ ಬಿಳಿ ಹುಳ ದಿನದಿಂದ ದಿನಕ್ಕೆ ದಪ್ಪವಾಗುವುದು, ಜೇಡಗಳು ಒಂದೊಂದಾಗಿ ಕಡಿಮೆಯಾಗುವುದು ಎರಡೂ ಕಾಣುತ್ತವೆ.

"ಪಾಪ ಅಲ್ವಾ ಜೇಡ?" ಅಂತ ಮಗು ಕೇಳಿಯೇ ಕೇಳುತ್ತದೆ. ಪ್ರಕೃತಿ ನಿಯಮ, ಆಹಾರ ಸರಪಳಿ ಅಂತ ಪುಸ್ತಕದ ಮಾತು ಹೇಳಿ ಬಾಯಿ ಮುಚ್ಚಿಸಬಾರದು. ಹೌದು, ಜೇಡಕ್ಕೆ ಪಾಪ. ಕಣಜದ ಮರಿಗೆ ಅದು ಊಟ. ಅದೇ ಜೇಡ ನಿನ್ನೆ ನೊಣ ಹಿಡಿದಿತ್ತು. ಮೂರೂ ಒಟ್ಟಿಗೆ ನಿಜ. ಕೆಲವು ಮಕ್ಕಳು ಇದನ್ನು ಬಹಳ ದಿನ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಇರಲಿ ಬಿಡಿ.

ಇನ್ನು ಪ್ರಯೋಗ. ಮಕ್ಕಳು ಉತ್ಸಾಹದಲ್ಲಿ ಎಲ್ಲವನ್ನೂ ಒಮ್ಮೆಗೇ ಬದಲಾಯಿಸುತ್ತಾರೆ. ಪೆಟ್ಟಿಗೆ ನೆರಳಿಗೆ ಸರಿಸಿದರು, ಕೊಳವೆ ಬದಲಿಸಿದರು, ಪಕ್ಕದಲ್ಲಿ ಹೂಕುಂಡ ಇಟ್ಟರು, ಹುಳ ಬಂತು. ಯಾವುದಕ್ಕೆ ಬಂತು? ಹೇಳಲಾಗದು. ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೇ ಇಡಬೇಕು ಅನ್ನುವುದು ವಿಜ್ಞಾನದ ದೊಡ್ಡ ಪಾಠ. ಒಂದೇ ಅಳತೆಯ ಕೊಳವೆಗಳ ಎರಡು ಕಟ್ಟು ಮಾಡಿ. ಒಂದು ಬೆಳಗಿನ ಬಿಸಿಲು ಬೀಳುವ ಪೂರ್ವದ ಗೋಡೆಗೆ, ಇನ್ನೊಂದು ನೆರಳಿನ ಗೋಡೆಗೆ. ಅಥವಾ ಒಂದೇ ಗೋಡೆಗೆ 4, 6, 8, 10 ಮಿಲಿಮೀಟರಿನ ನಾಲ್ಕು ಕಟ್ಟು. ನೋಟ್‌ಬುಕ್ಕಿನಲ್ಲಿ ದಿನಾಂಕ, ಹವಾಮಾನ, ಎಷ್ಟು ಬಾಯಿ ಮುಚ್ಚಿದೆ, ಯಾವುದರಿಂದ ಮುಚ್ಚಿದೆ, ಇಷ್ಟು ಬರೆದರೆ ಸಾಕು. ಒಂದೂ ತುಂಬದ ಕಟ್ಟು ಇದ್ದರೆ ಅದನ್ನೂ ಬರೆಯಬೇಕು. ಸೊನ್ನೆಯೂ ಒಂದು ಉತ್ತರ. ಶಾಲೆಯ ಪ್ರಯೋಗಗಳಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ, ಬರದಿದ್ದರೆ ಪಕ್ಕದವರ ರೆಕಾರ್ಡ್ ನೋಡಿ ಬರೆಯುತ್ತಾರೆ. ಇಲ್ಲಿ ಪಕ್ಕದವರ ರೆಕಾರ್ಡ್ ಕೆಲಸಕ್ಕೆ ಬರುವುದಿಲ್ಲ.

ಇದನ್ನು ಚಿಕ್ಕ ಮಕ್ಕಳ ಆಟ ಅಂತ ತಳ್ಳಿಹಾಕುವವರಿಗೆ ಒಂದು ಮಾತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್ಕರ್ ದಶಕಗಳ ಕಾಲ ಓದಿದ್ದು ನಮ್ಮ ಕಟ್ಟಡಗಳ ಮೂಲೆಯಲ್ಲೇ ಗೂಡು ಕಟ್ಟುವ ರೋಪಾಲಿಡಿಯಾ ಅನ್ನುವ ಕಣಜವನ್ನು. ಒಂದೊಂದು ಕಣಜದ ಮೈಮೇಲೂ ಬಣ್ಣದ ಚುಕ್ಕೆಯಿಟ್ಟು, ಯಾರು ಗೂಡು ಕಟ್ಟುತ್ತಾರೆ, ಯಾರು ಊಟ ತರುತ್ತಾರೆ, ರಾಣಿ ಏನು ಮಾಡುತ್ತಾಳೆ ಅಂತ ತಾಳ್ಮೆಯಿಂದ ಬರೆದಿಟ್ಟು ತಿಳಿದದ್ದು. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಗುರುತಿಸಿ, ಕಂಡದ್ದನ್ನು ಕಂಡ ಹಾಗೆ ಬರೆಯುವುದೇ ಅದರ ಬುನಾದಿ.

ಕೊಳವೆ ಖಾಲಿಯಾಗಿಯೇ ಉಳಿದರೆ ಮಗು ಕಾರಣ ಹುಡುಕಲು ಶುರು ಮಾಡುತ್ತದೆ. ಹೆಚ್ಚಾಗಿ ಕಾರಣ ಮನೆಯಲ್ಲಿ ಇರುವುದಿಲ್ಲ, ಸುತ್ತಮುತ್ತ ಇರುತ್ತದೆ. ಸಣ್ಣ ಜೇನುಗಳು ಗೂಡಿನಿಂದ ಕೆಲವು ನೂರು ಮೀಟರಿನ ಆಚೆ ಊಟಕ್ಕೆ ಹೋಗುವುದು ಕಷ್ಟ. ಅಷ್ಟರೊಳಗೆ ಹೂವಿಲ್ಲದಿದ್ದರೆ ಮನೆ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಹೀಗೆ ಹುಳದ ಮನೆ ಕಟ್ಟಲು ಹೊರಟ ಮಗು ಗಿಡ ನೆಡುವ ಕೆಲಸಕ್ಕೆ ಬರುತ್ತದೆ. ತುಳಸಿ, ಕಾಮಕಸ್ತೂರಿ ಹೂ ಬಿಡಲು ಬಿಡಿ, ಕುಡಿ ಚಿವುಟಬೇಡಿ. ಅವರೆ, ತೊಗರಿ, ನುಗ್ಗೆ, ಸೂರ್ಯಕಾಂತಿ, ಬದನೆ ಎಲ್ಲವೂ ಒಳ್ಳೆಯದು. ತೊಗರಿ ಹೂವಿಗಂತೂ ಎಲೆ ಕತ್ತರಿಸುವ ಜೇನು, ದೊಡ್ಡ ಕಪ್ಪು ಬಡಗಿ ದುಂಬಿ ಎರಡೂ ಬರುತ್ತವೆ. ಎಸಳು ತುಂಬಿದ ಅಲಂಕಾರದ ಹೂಗಳಲ್ಲಿ ಹುಳಕ್ಕೆ ಸಿಗುವುದು ಕಡಿಮೆ.

ಬದನೆ ಗಿಡದ ಹತ್ತಿರ ಸ್ವಲ್ಪ ನಿಲ್ಲಬೇಕು. ಬದನೆ, ಟೊಮೇಟೊ ಹೂಗಳ ಪರಾಗ ಹೊರಗೆ ಹರಡಿಕೊಂಡಿರುವುದಿಲ್ಲ. ಪರಾಗದ ಚೀಲ ಕೊಳವೆಯಂತೆ ಮುಚ್ಚಿರುತ್ತದೆ. ಬದನೆಯಲ್ಲಿ ಅದರ ತುದಿಯಲ್ಲಿ ಸಣ್ಣ ತೂತು ಇರುತ್ತದೆ. ಅದರೊಳಗಿನ ಪುಡಿ ಉದುರಬೇಕಾದರೆ ಹೂವನ್ನು ಜೋರಾಗಿ ನಡುಗಿಸಬೇಕು. ಬಡಗಿ ದುಂಬಿ ಮತ್ತು ನೀಲಿ ಪಟ್ಟೆಯ ಜೇನು ಹೂವನ್ನು ಅಪ್ಪಿ ಹಿಡಿದು, ರೆಕ್ಕೆಯ ಸ್ನಾಯುವನ್ನು ನಡುಗಿಸಿ, ಝೇಂಕರಿಸಿ ಅದನ್ನು ಉದುರಿಸುತ್ತವೆ. ತುಡುವೆ ಜೇನಿಗೆ ಈ ವಿದ್ಯೆ ಬಾರದು. ಶಾಲೆಯ ಲ್ಯಾಬಿನಿಂದ ಒಂದು ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ತನ್ನಿ. ಅದನ್ನು ರಬ್ಬರಿಗೆ ತಟ್ಟಿ, ಮಿಡಿಯುತ್ತಿರುವಾಗಲೇ ಅರಳಿದ ಬದನೆ ಹೂವಿಗೆ ತಾಗಿಸಿ, ಕೆಳಗೆ ಕಪ್ಪು ಕಾಗದ ಹಿಡಿಯಿರಿ. ಹಳದಿ ಪುಡಿ ಉದುರುತ್ತದೆ. ಶಬ್ದ ಅಂದರೆ ಕಂಪನ ಅಂತ ಎಂಟನೇ ಕ್ಲಾಸಿನಲ್ಲಿ ಓದಿದ್ದು, ಸಂಜೆ ಊಟಕ್ಕೆ ಆಗುವ ಎಣ್ಣೆಗಾಯಿ, ಬಿದಿರಿನ ಕೊಳವೆ, ಮೂರೂ ಒಂದೇ ಕಾಗದದ ಮೇಲೆ ಬಂದು ಕೂತವು.

ಪೆಟ್ಟಿಗೆಯ ಕೆಳಗಿನ ಅಂತಸ್ತಿಗೆ ಬರೋಣ. ಒಣ ಎಲೆ, ತೊಗಟೆ, ಒದ್ದೆಯಾದ ಹೆಂಚಿನ ಚೂರು ಇರುವ ಕಡೆ ಬೇರೆಯದೇ ಲೋಕ. ಸಾವಿರ ಕಾಲಿನ ಹುಳ, ಜರಿ, ಎರೆಹುಳ, ಮುಟ್ಟಿದರೆ ಗುಂಡಗೆ ಸುತ್ತಿಕೊಳ್ಳುವ ಸಣ್ಣ ಬೂದು ಹುಳ. ಈ ಕೊನೆಯದು ಕೀಟವೇ ಅಲ್ಲ, ಸೀಗಡಿ ಮತ್ತು ಏಡಿಯ ನೆಂಟ. ಕಿವಿರಿನಂಥ ಅಂಗದಿಂದ ಉಸಿರಾಡುವುದರಿಂದ ತೇವ ಇಲ್ಲದೆ ಬದುಕಲಾರದು. ಒಂದು ತಟ್ಟೆಯ ಅರ್ಧಕ್ಕೆ ಒದ್ದೆ ಕಾಗದ, ಅರ್ಧಕ್ಕೆ ಒಣ ಕಾಗದ ಹಾಸಿ, ನಾಲ್ಕಾರು ಹುಳ ಬಿಟ್ಟು, ಕಾಲು ಗಂಟೆ ಕಳೆದು ಎಣಿಸಿ ನೋಡಬಹುದು. ಆಮೇಲೆ ಅವನ್ನು ಎತ್ತಿದ ಜಾಗಕ್ಕೇ ಬಿಡಬೇಕು. ಮಲೆನಾಡಿನಲ್ಲಿ ಗೋಲಿಯಷ್ಟು ದಪ್ಪಗೆ ಸುತ್ತಿಕೊಳ್ಳುವ ಇನ್ನೊಂದು ಜೀವಿ ಸಿಗುತ್ತದೆ. ನೋಡಲು ಅಣ್ಣತಮ್ಮಂದಿರ ಹಾಗಿವೆ. ಕಾಲು ಎಣಿಸಿ ನೋಡಿ. ಬೂದು ಹುಳಕ್ಕೆ 7 ಜೊತೆ, ಮಲೆನಾಡಿನದಕ್ಕೆ ಎಷ್ಟೋ ಜಾಸ್ತಿ, ಏಕೆಂದರೆ ಅದು ಸಾವಿರ ಕಾಲಿನ ಹುಳದ ಬಳಗ. ಕೀಟಕ್ಕೆ 6 ಕಾಲು, ಜೇಡಕ್ಕೆ 8. ಕಾಲು ಎಣಿಸುವ ಅಭ್ಯಾಸವಾದರೆ ವರ್ಗೀಕರಣದ ಪಾಠ ಅರ್ಧ ಮುಗಿದಂತೆ.

ನಮ್ಮ ಹವೆಗೆ ತಕ್ಕ ಕೆಲವು ಎಚ್ಚರಿಕೆ ಹೇಳಲೇಬೇಕು, ಯಾಕೆಂದರೆ ನೆಟ್ಟಿನಲ್ಲಿ ಸಿಗುವ ನಕ್ಷೆಗಳು ಹೆಚ್ಚಾಗಿ ಯುರೋಪಿನ ತಣ್ಣನೆ ದೇಶಗಳವು. ಅಲ್ಲಿ ಮರದ ದಿಮ್ಮಿ, ಇಟ್ಟಿಗೆ, ಎಲೆ ಎಲ್ಲವನ್ನೂ ನೆಲದ ಮೇಲೆ ಆಳೆತ್ತರ ಪೇರಿಸುತ್ತಾರೆ. ನಮ್ಮಲ್ಲಿ ಹಾಗೆ ಪೇರಿಸಿದರೆ ಚೇಳು, ಹಾವು, ಗೆದ್ದಲು ಮೂರಕ್ಕೂ ಆಹ್ವಾನ ಕೊಟ್ಟಂತೆ. ಪೆಟ್ಟಿಗೆ ಚಿಕ್ಕದಿರಲಿ. ಮಗುವಿನ ಎದೆಮಟ್ಟಕ್ಕೆ, ಗೋಡೆಗೋ ಕಂಬಕ್ಕೋ ಅಲುಗಾಡದಂತೆ ಬಿಗಿಯಿರಿ, ನೇತು ಹಾಕಬೇಡಿ. ಎಲೆಯ ಅಂತಸ್ತೂ ಅದರಲ್ಲೇ ಇರಲಿ. ಯಾವುದನ್ನೂ ಮೊದಲು ಕಣ್ಣಿನಿಂದ ನೋಡಬೇಕು, ಆಮೇಲೆ ಉದ್ದನೆಯ ಕಡ್ಡಿಯಿಂದ ಸರಿಸಬೇಕು. ಕೈ ಹಾಕುವುದು ಬೇಡವೇ ಬೇಡ. ಕುಟುಕಿದರೆ ಮೈ ಊದಿಕೊಳ್ಳುವ ಅಲರ್ಜಿ ಇರುವ ಮಕ್ಕಳು ದೂರದಿಂದ ನೋಡಲಿ. ಹೆಜ್ಜೇನು ಕಟ್ಟಿರುವ ಕಡೆ ಹೋಗುವುದೇ ಬೇಡ.

ತೆಂಗಿನ ಕರಟ ಇಡುವುದಾದರೆ ಬೋರಲು ಹಾಕಿ ಇಡಿ. ಅಂಗಾತ ಇಟ್ಟರೆ ಮಳೆನೀರು ನಿಲ್ಲುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಷ್ಟು ನೀರು ಸಾಕು, ಬೆಚ್ಚನೆ ಹವೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಅಷ್ಟೇ. ವಾರಕ್ಕೊಮ್ಮೆ ನೀರು ನಿಂತಿದೆಯಾ ಅಂತ ನೋಡುವ ಜವಾಬ್ದಾರಿಯನ್ನು ಮಗುವಿಗೇ ಕೊಡಿ. ತೆಂಗಿನ ತೋಟ ಇರುವವರು ಕೊಳೆತ ತೆಂಗಿನ ಕಾಂಡವನ್ನು ಪೆಟ್ಟಿಗೆಗೆ ತುಂಬಬಾರದು. ಸುಳಿ ಕೊರೆಯುವ ಕುರುವಾಯಿ ದುಂಬಿ ಮೊಟ್ಟೆಯಿಡುವುದು ಅಂಥ ಕಡೆ ಮತ್ತು ತಿಪ್ಪೆಯಲ್ಲಿ.

ಎಲ್ಲ ಹುಳವೂ ಒಳ್ಳೆಯದು ಅಂತ ಮಗುವಿಗೆ ಹೇಳುವುದು ಸುಳ್ಳು. ಎಲ್ಲ ಹುಳವೂ ಕೆಟ್ಟದ್ದು ಅನ್ನುವುದೂ ಸುಳ್ಳು. ಯಾವುದು ಯಾವುದು ಅಂತ ಬಿಡಿಸಿ ನೋಡಲು ಬರಬೇಕು. ದಾಸವಾಳದ ಕುಡಿಯಲ್ಲಿ ಬಿಳಿ ಹಿಟ್ಟು ತಿಗಣೆ ಮುತ್ತಿಕೊಂಡಿರುತ್ತದೆ. ಅದರ ನಡುವೆಯೇ ಸ್ವಲ್ಪ ದೊಡ್ಡದಾದ, ಬಿಳಿ ಮೇಣದ ಎಳೆ ಹೊದ್ದ ಇನ್ನೊಂದು ಹುಳ ಚುರುಕಾಗಿ ಓಡಾಡುತ್ತಿದ್ದರೆ, ಅದು ಆ ತಿಗಣೆಯನ್ನೇ ತಿನ್ನುವ ಗುಲಗಂಜಿ ಹುಳದ ಬಳಗದ ಮರಿಯಾಗಿರಬಹುದು. ಎರಡೂ ಬಿಳಿ, ಎರಡೂ ಒಂದೇ ಕೊಂಬೆಯಲ್ಲಿ. ಗಮನವಿಟ್ಟು ನೋಡದವರು ಎರಡರ ಮೇಲೂ ಔಷಧಿ ಹೊಡೆಯುತ್ತಾರೆ. ನೋಡಲು ಕಲಿತ ಮಗು "ತಡಿ ಅಜ್ಜಿ, ಇದನ್ನ ಬಿಡು" ಅನ್ನುತ್ತದೆ. ಭಯದ ಜಾಗದಲ್ಲಿ ವಿವೇಚನೆ ಬಂದು ಕೂರುವುದು ಇಂಥ ಹೊತ್ತಿನಲ್ಲಿ.

ಮಳೆಗಾಲ ಮುಗಿದ ಮೇಲೆ ಕೊಳವೆಗಳನ್ನು ಒಮ್ಮೆ ಪರೀಕ್ಷಿಸಿ. ಬಾಗಿಲು ಒಡೆದು ಖಾಲಿಯಾಗಿರುವ, ಬೂಷ್ಟು ಹಿಡಿದ ಕೊಳವೆಗಳನ್ನು ತೆಗೆದು ಹೊಸದನ್ನು ಹಾಕಿ. ಮುಚ್ಚಿರುವುದನ್ನು ಮುಟ್ಟಬೇಡಿ. ಬಾಗಿಲ ನಡುವೆ ಸೂಜಿ ಚುಚ್ಚಿದಷ್ಟೇ ತೂತು ಕಂಡರೆ, ಜೇನಿನ ಮರಿಯ ಬದಲು ಅದನ್ನು ತಿಂದು ಬೆಳೆದ ಪುಟ್ಟ ಪರಾವಲಂಬಿ ಕಣಜಗಳು ಹೊರಬಂದಿರುವ ಸಾಧ್ಯತೆ ಹೆಚ್ಚು. ಇದನ್ನೂ ನೋಟ್‌ಬುಕ್ಕಿನಲ್ಲಿ ಬರೆಯಲಿ. ಹಳೆ ಕೊಳವೆಗಳನ್ನೇ ವರ್ಷಗಟ್ಟಲೆ ಬಿಟ್ಟರೆ ರೋಗ, ಪರಾವಲಂಬಿ ಎರಡೂ ಹೆಚ್ಚುತ್ತವೆ. ಫ್ಲ್ಯಾಟಿನಲ್ಲಿ ಇರುವವರು ಒಂದು ಡಬ್ಬಿಗೆ ಕೊಳವೆಗಳನ್ನು ತುಂಬಿ, ಬಿಸಿಲು ಬೀಳುವ ಬಾಲ್ಕನಿಯ ಗ್ರಿಲ್ಲಿಗೆ ಅಡ್ಡಲಾಗಿ ಬಿಗಿದು ಕಟ್ಟಿದರೂ ನಡೆಯುತ್ತದೆ. ತುಳಸಿ ಕುಂಡ ಪಕ್ಕದಲ್ಲಿರಲಿ.

ಕೊಳವೆಗೆ ಬರುವುದು ಒಂಟಿ ಜೇನುಗಳಲ್ಲಿ ಒಂದು ಪಾಲು ಮಾತ್ರ. ಹೆಚ್ಚಿನವು ನೆಲದಲ್ಲೇ ಬಿಲ ತೋಡುತ್ತವೆ. ಹಳೆಯ ಮಣ್ಣಿನ ಗೋಡೆಗಳಲ್ಲಿ ನೀಲಿ ಪಟ್ಟೆಯ ಜೇನು ಗೂಡು ಮಾಡುತ್ತಿತ್ತು, ಈಗ ಅಂಥ ಗೋಡೆಗಳೇ ಕಡಿಮೆ. ಪೆಟ್ಟಿಗೆಯ ಒಂದು ಖಾನೆಗೆ ಜೇಡಿಮಣ್ಣು ಮತ್ತು ಮರಳು ಕಲಸಿ ಗಟ್ಟಿಯಾಗಿ ತುಂಬಿ, ಪೆನ್ಸಿಲಿನಿಂದ ಒಂದೆರಡು ಅಂಗುಲ ಆಳದ ತೂತು ಮಾಡಿಟ್ಟರೆ ಅವು ಬಂದರೂ ಬರಬಹುದು. ಅಂಗಳಕ್ಕೆಲ್ಲ ಸಿಮೆಂಟ್ ಇಟ್ಟಿಗೆ ಹಾಸುವ ಮೊದಲು ಬಿಸಿಲು ಬೀಳುವ, ನೀರು ನಿಲ್ಲದ ಒಂದು ಮೂಲೆಯನ್ನು ಬರಿ ನೆಲವಾಗಿ ಬಿಡಿ. ಅಗೆಯಬೇಡಿ, ಎಲೆ ಹಾಸಬೇಡಿ, ನೀರು ಹಾಕಬೇಡಿ. ಬಿಸಿಲೇರಿದ ಮೇಲೆ, ಒಂಬತ್ತರಿಂದ ಹನ್ನೊಂದರ ನಡುವೆ, ಮಗು ಅಲ್ಲಿ ಕೂತು ನೋಡಲಿ. ಪೆನ್ಸಿಲ್ ದಪ್ಪದ ತೂತು, ಸುತ್ತ ಹೊಸ ಮಣ್ಣಿನ ಪುಟ್ಟ ಗುಪ್ಪೆ ಕಂಡರೆ ದಿನಾಂಕ ಬರೆದು, ಒಂದು ಕಡ್ಡಿ ನೆಟ್ಟು ಗುರುತು ಮಾಡಿ, ಮರುದಿನ ಅದೇ ಹೊತ್ತಿಗೆ ಮತ್ತೆ ಬರಲಿ. ಇರುವೆಯ ಗೂಡಾದರೆ ಸಾಲು ಕಾಣುತ್ತದೆ. ಒಂದೇ ಹುಳ ಹಳದಿ ಪುಡಿ ಹೊತ್ತು ಇಳಿದು, ತಲೆ ತೂರಿ ಒಳಗೆ ಹೋದರೆ ಅದು ಜೇನು.